ಕಡತ ತಪಾಸಣಾ ವರದಿಯನ್ನು ಕಚೇರಿಯ ಬಳಕೆಗೆ ಹೊಂದಿಸಿಕೊಳ್ಳುವ ಕ್ರಮ

ಸ್ಕ್ಯಾನ್ ಮಾಡಲಾದ ತೆರಿಗೆ ವಹಿಗಳು, ಗ್ರಾಮಸಭೆಯ ನಡವಳಿಗಳು ಹಾಗೂ ಕಾಮಗಾರಿಗಳ ಛಾಯಾಚಿತ್ರಗಳು ಹಾರ್ಡ್ ಡಿಸ್ಕ್‌ನಲ್ಲಿ ವರ್ಷಗಟ್ಟಲೆ ಉಳಿಯಬೇಕಾದ ದಾಖಲೆಗಳು. ಅವು ಕೆಟ್ಟಿವೆಯೇ ಎಂದು ಪರಿಶೀಲಿಸುವ ತಂತ್ರಾಂಶವು ಪ್ರತಿ ಕಡತದ ಒಳಾಂಶದಿಂದ ಒಂದು ಗುರುತನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಈ ಗುರುತು 64 ಅಂಕಿ-ಅಕ್ಷರಗಳಷ್ಟು ಉದ್ದವಿರುತ್ತದೆ. ಕಡತದಲ್ಲಿ ಒಂದೇ ಬಿಟ್ ಬದಲಾದರೂ ಗುರುತು ಬೇರೆಯಾಗುತ್ತದೆ. ಮುಂದಿನ ತಪಾಸಣೆಯಲ್ಲಿ ಹಳೆಯ ಗುರುತಿನೊಂದಿಗೆ ತಾಳೆ ನೋಡಿದಾಗ ವ್ಯತ್ಯಾಸ ತಿಳಿಯುತ್ತದೆ.

ಆದರೆ ಇಂತಹ ಹಲವು ತಂತ್ರಾಂಶಗಳ ವರದಿಯಲ್ಲಿ ಸರಿಯಿರುವ ಕಡತಗಳೂ ಒಂದೊಂದು ಸಾಲಾಗಿ ಮುದ್ರಿತವಾಗುತ್ತವೆ. ಹತ್ತು ಸಾವಿರ ಕಡತಗಳಿಗೆ ಹತ್ತು ಸಾವಿರ ಸಾಲು. ಅಷ್ಟನ್ನೂ ಓದುವವರು ವಿರಳ. ಕೆಟ್ಟ ಕಡತದ ಒಂದು ಸಾಲು ಕಣ್ತಪ್ಪಿ, ಅಷ್ಟರಲ್ಲಿ ಬ್ಯಾಕಪ್ ನಡೆದು ಕೆಟ್ಟ ಪ್ರತಿಯೇ ಒಳ್ಳೆಯ ಪ್ರತಿಯ ಸ್ಥಾನವನ್ನು ಆಕ್ರಮಿಸಿದರೆ, ಮೂಲ ವಹಿಗೆ ಗೆದ್ದಲು ಹಿಡಿದಿರುವಲ್ಲಿ ಆ ಪುಟ ಮತ್ತೆ ದೊರೆಯಲಾರದು. ಆದುದರಿಂದ ವರದಿ ನೋಡಿದ ನಂತರವೇ ಬ್ಯಾಕಪ್ ಕೈಗೊಳ್ಳತಕ್ಕದ್ದು.

ವರದಿಯ ಸೆಟ್ಟಿಂಗ್‌ನಲ್ಲಿ ವ್ಯತ್ಯಾಸವಿರುವ ಕಡತಗಳನ್ನು ಮಾತ್ರ ತೋರಿಸುವ ಆಯ್ಕೆಯಿದ್ದಲ್ಲಿ ಅದನ್ನು ಬಳಸಬಹುದು. ಲಿನಕ್ಸ್‌ನ ಎಸ್‌ಎಚ್‌ಎ256ಸಮ್ ಆದೇಶದಲ್ಲಿ ತಾಳೆ ನೋಡುವಾಗ ‘ಕ್ವೈಟ್’ ಎಂಬ ಆಯ್ಕೆ ಇದೇ ಕೆಲಸ ಮಾಡುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಖಾಲಿ ವರದಿ ಎಂದರೆ ಎಲ್ಲವೂ ಸರಿಯಿದೆ ಎಂದೇ ಭಾವಿಸಲಾಗದು. ಗುರುತಿನ ಪಟ್ಟಿಗೆ ಸೇರದ ಹೊಸ ಕಡತಗಳು ಪರಿಶೀಲನೆಗೇ ಒಳಪಟ್ಟಿರುವುದಿಲ್ಲ. ಪರಿಶೀಲಿಸಿದ ಕಡತಗಳ ಒಟ್ಟು ಸಂಖ್ಯೆ ವರದಿಯ ತಲೆಬರಹದಲ್ಲೇ ಇರಲಿ, ಅದು ಫೋಲ್ಡರಿನಲ್ಲಿರುವ ಸಂಖ್ಯೆಗೆ ತಾಳೆಯಾಗಲಿ.

‘ಬದಲಾಗಿದೆ’, ‘ಕಾಣೆಯಾಗಿದೆ’, ‘ಓದಲಾಗುತ್ತಿಲ್ಲ’ ಎಂಬ ಮೂರನ್ನು ಬೇರೆ ಬೇರೆಯಾಗಿ ತೋರಿಸುವುದು ಸೂಕ್ತ. ‘ಬದಲಾಗಿದೆ’ ಎಂಬುದರ ಪಕ್ಕದಲ್ಲಿ ಕಡತವನ್ನು ಕೊನೆಯದಾಗಿ ತಿದ್ದಿದ ದಿನಾಂಕದ ಕಾಲಂ ಇದ್ದರೆ ಬಹಳಷ್ಟು ಅನುಮಾನ ಅಲ್ಲಿಯೇ ಪರಿಹಾರವಾಗುತ್ತದೆ. ದಿನಾಂಕ ಹೊಸದಾಗಿದ್ದರೆ ಪ್ರಾಯಶಃ ಸಿಬ್ಬಂದಿಯೇ ತೆರೆದು ಉಳಿಸಿರಬಹುದು. ದಿನಾಂಕ ಹಳೆಯದೇ ಇದ್ದು ಗುರುತು ಮಾತ್ರ ಬದಲಾಗಿದ್ದರೆ ಡಿಸ್ಕಿನ ದೋಷವನ್ನು ಶಂಕಿಸಿ, ಕೂಡಲೇ ಹಿಂದಿನ ಬ್ಯಾಕಪ್ ಪ್ರತಿಯನ್ನು ಪ್ರತ್ಯೇಕಿಸಿ ಇಡಬೇಕು.

ಸ್ಕ್ಯಾನರ್ ಕೊಟ್ಟ ಕ್ರಮಸಂಖ್ಯೆಯೇ ಕಡತದ ಹೆಸರಾಗಿದ್ದರೆ ವರದಿಯಿಂದ ಏನೂ ತಿಳಿಯದು. ಗ್ರಾಮ, ವಹಿ, ವರ್ಷ ಎಂಬ ಅನುಕ್ರಮದಲ್ಲಿ ಫೋಲ್ಡರುಗಳಿದ್ದು, ಕಡತದ ಪೂರ್ಣ ಮಾರ್ಗ ವರದಿಯಲ್ಲಿ ಬರುವಂತಿದ್ದರೆ ಯಾವ ದಾಖಲೆಗೆ ಹಾನಿಯಾಗಿದೆ ಎಂಬುದು ಓದಿದೊಡನೆ ಗೊತ್ತಾಗುತ್ತದೆ. ಸಿಎಸ್‌ವಿ ರೂಪದಲ್ಲಿ ಪಡೆಯುವಾಗ ಯುಟಿಎಫ್-8 ಆಯ್ಕೆ ಮಾಡದಿದ್ದರೆ ಕನ್ನಡ ಹೆಸರುಗಳು ಚಿಹ್ನೆಗಳಾಗಿ ಒಡೆದು ಕಾಣುವುದುಂಟು. ಅದು ಕಡತದ ದೋಷವಲ್ಲ.

ಮೊದಲ ಗುರುತು ಹಾಕುವ ವೇಳೆಗೇ ಕೆಟ್ಟಿದ್ದ ಕಡತವನ್ನು ತಂತ್ರಾಂಶ ಪ್ರತಿಬಾರಿಯೂ ‘ಸರಿಯಿದೆ’ ಎಂದೇ ವರದಿ ಮಾಡುತ್ತದೆ. ಸ್ಕ್ಯಾನ್ ಮಾಡಿದ ದಿನವೇ ಪಿಡಿಎಫ್ ತೆರೆದು, ಪುಟಗಳನ್ನು ಮೂಲ ವಹಿಯೊಂದಿಗೆ ಎಣಿಸಿ ನೋಡಿ, ಆ ಬಳಿಕವಷ್ಟೇ ಗುರುತು ದಾಖಲಿಸತಕ್ಕದ್ದು.