ಕದನಗಳ ಲೆಕ್ಕ ಬರೆದ ಹವಾಮಾನ ವಿಜ್ಞಾನಿ

ಜಗತ್ತು ದಿನೇ ದಿನೇ ಕೆಡುತ್ತಿದೆ ಎಂಬುದು ಹಿರಿಯರ ಹಳೆಯ ದೂರು. ಇಲ್ಲ, ಮನುಷ್ಯ ಹಿಂದಿಗಿಂತ ಸಾಧುವಾಗಿದ್ದಾನೆ ಎಂಬುದು ಕೆಲವು ವಿದ್ವಾಂಸರ ವಾದ. ಯಾರ ಮಾತು ನಿಜ? ಈ ಪ್ರಶ್ನೆಗೆ ಉಪದೇಶದಿಂದಲ್ಲ, ಲೆಕ್ಕದಿಂದ ಉತ್ತರ ಹುಡುಕಲು ಹೊರಟವರಲ್ಲಿ ಮೊದಲಿಗರು ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ (1881–1953).

ರಿಚರ್ಡ್‌ಸನ್ ವೃತ್ತಿಯಿಂದ ಹವಾಮಾನ ವಿಜ್ಞಾನಿ. ಹುಟ್ಟಿನಿಂದ, ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲ ಮಹಾಯುದ್ಧದಲ್ಲಿ ಅವರು ಬಂದೂಕು ಹಿಡಿಯಲಿಲ್ಲ. ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಓಡಿಸಿದರು. 1920ರಲ್ಲಿ ಹವಾಮಾನ ಇಲಾಖೆಯನ್ನು ವಾಯುಪಡೆಯ ಸಚಿವಾಲಯಕ್ಕೆ ಸೇರಿಸಿದಾಗ ಕೆಲಸವನ್ನೇ ಬಿಟ್ಟರು. 1940ರಲ್ಲಿ ಸ್ಕಾಟ್‌ಲೆಂಡಿನ ಪೈಸ್ಲಿಯ ಕಾಲೇಜಿನ ಪ್ರಾಂಶುಪಾಲ ಹುದ್ದೆಯಿಂದಲೂ ನಿವೃತ್ತರಾಗಿ, ಉಳಿದ ಆಯುಷ್ಯವನ್ನು ಯುದ್ಧದ ಅಧ್ಯಯನಕ್ಕೆ ಮುಡಿಪಿಟ್ಟರು.

ಅವರ ಕ್ರಮ ಸರಳ. ಭೂಕಂಪವನ್ನು ಅಳೆಯುವಂತೆ ಜಗಳವನ್ನೂ ಅಳೆದರು. ಒಬ್ಬ ಸತ್ತರೆ ಆ ಜಗಳದ ಪ್ರಮಾಣ ಸೊನ್ನೆ. ಸಾವಿರ ಜನ ಸತ್ತರೆ 3. ಕೋಟಿ ಜನ ಸತ್ತರೆ 7. ಬೀದಿಯ ಕೊಲೆಯಿಂದ ಮಹಾಯುದ್ಧದವರೆಗೆ ಎಲ್ಲಕ್ಕೂ ಒಂದೇ ಅಳತೆಗೋಲು. 1820ರಿಂದೀಚಿನ ಕದನಗಳನ್ನೆಲ್ಲ ಹೀಗೆ ಪಟ್ಟಿ ಮಾಡಿದಾಗ ಕಂಡದ್ದು ವಿಚಿತ್ರ ಚಿತ್ರ. ಸಾವುಗಳ ಬಹುಪಾಲು ಎರಡು ತುದಿಗಳಲ್ಲಿತ್ತು: ಒಂದೆಡೆ ಎರಡು ಮಹಾಯುದ್ಧಗಳು, ಇನ್ನೊಂದೆಡೆ ಲೆಕ್ಕವಿಲ್ಲದಷ್ಟು ಬಿಡಿ ಕೊಲೆಗಳು. ಯುದ್ಧಗಳು ಆರಂಭವಾದ ವರ್ಷಗಳಲ್ಲಿ ಯಾವ ಕ್ರಮವೂ ಇರಲಿಲ್ಲ. ಅವು ಹೆಚ್ಚುತ್ತಿವೆ ಎನ್ನಲು ಆಧಾರವಿರಲಿಲ್ಲ. ಕಡಿಮೆಯಾಗುತ್ತಿವೆ ಎನ್ನಲೂ ಇರಲಿಲ್ಲ. ಈ ಅಧ್ಯಯನ ಪುಸ್ತಕವಾಗಿ ಹೊರಬಂದದ್ದು 1960ರಲ್ಲಿ, ಅವರು ತೀರಿಕೊಂಡು ಏಳು ವರ್ಷಗಳ ನಂತರ.

ಆಶಾವಾದಿಗಳ ಪಕ್ಷವೂ ಬರಿಗೈಯಲ್ಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸ್ಟೀವನ್ ಪಿಂಕರ್ 2011ರಲ್ಲಿ ದೊಡ್ಡ ಗ್ರಂಥವೊಂದನ್ನೇ ಬರೆದು, ಹಿಂಸೆ ಶತಮಾನಗಳಿಂದ ಇಳಿಯುತ್ತ ಬಂದಿದೆ ಎಂದು ವಾದಿಸಿದರು. ಕೊಲೆಗಳ ಮಟ್ಟಿಗೆ ಅವರ ಮಾತು ಗಟ್ಟಿ. 14ನೇ ಶತಮಾನದ ಇಂಗ್ಲೆಂಡಿನಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 20 ಜನ ಕೊಲೆಯಾಗುತ್ತಿದ್ದರೆಂದು ಹಳೆಯ ದಾಖಲೆಗಳಿಂದ ಅಂದಾಜು ಮಾಡಲಾಗಿದೆ. 20ನೇ ಶತಮಾನದಲ್ಲಿ ಅದು ಸುಮಾರು ಒಂದಕ್ಕೆ ಇಳಿಯಿತು. ಕನ್ನಡ ನಾಡಿನ ಓದುಗರಿಗೆ ಇದು ಅಚ್ಚರಿಯಾಗಬೇಕಿಲ್ಲ. ತುರುಗಳನ್ನು ಕಾಯಲು ಹೋರಾಡಿ ಮಡಿದವರ ವೀರಗಲ್ಲುಗಳು ನಮ್ಮ ಊರೂರ ಹೊರವಲಯದಲ್ಲಿ ಇಂದಿಗೂ ನಿಂತಿವೆ. ಅಂದು ಪ್ರಾಣ ಕೊಟ್ಟು ಕಾಯಬೇಕಿದ್ದ ದನಕ್ಕಾಗಿ ಇಂದು ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದರೆ ಸಾಕು. ನ್ಯಾಯಾಲಯವೂ ಆಳುವ ವ್ಯವಸ್ಥೆಯೂ ಗಟ್ಟಿಯಾದಷ್ಟೂ ಸೇಡಿನ ಕತ್ತಿ ಒರೆಯೊಳಗೆ ಸೇರಿತು.

ಆದರೆ ಯುದ್ಧದ ಮಾತು ಬಂದಾಗ ಲೆಕ್ಕ ಜಾರುತ್ತದೆ. ಎಂಟನೇ ಶತಮಾನದ ಚೀನಾದಲ್ಲಿ ನಡೆದ ಆನ್ ಲುಷಾನ್ ದಂಗೆಯನ್ನೇ ನೋಡಿ. ದಂಗೆ ಶುರುವಾದ 755ರ ಗಣತಿಯಲ್ಲಿ ಸುಮಾರು 5.3 ಕೋಟಿ ಇದ್ದ ಜನಸಂಖ್ಯೆ 764ರ ಗಣತಿಯಲ್ಲಿ ಸುಮಾರು 1.7 ಕೋಟಿ. ಉಳಿದ 3.6 ಕೋಟಿ ಜನರೂ ಸತ್ತರೆಂದು ಹಿಡಿದರೆ, ಅಂದಿನ ಜನಸಂಖ್ಯೆಯ ದೃಷ್ಟಿಯಲ್ಲಿ ಅದರ ಮುಂದೆ ಎರಡನೇ ಮಹಾಯುದ್ಧವೂ ಚಿಕ್ಕದು. ಆದರೆ ಸತ್ತವರೆಷ್ಟೋ, ಊರು ಬಿಟ್ಟು ಓಡಿದವರೆಷ್ಟೋ, ಗಣತಿಯ ಗುಮಾಸ್ತರು ತಲುಪದೆ ಹೋದವರೆಷ್ಟೋ! ಕುಸಿದದ್ದು ಜನಸಂಖ್ಯೆಗಿಂತ ಹೆಚ್ಚಾಗಿ ಸರ್ಕಾರದ ಕಡತ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ.

1945ರ ನಂತರ ಮಹಾಯುದ್ಧ ನಡೆದಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಇಷ್ಟು ಕಾಲದ ಬಿಡುವು ಹಿಂದೆಯೂ ಆಕಸ್ಮಿಕವಾಗಿ ಬರಬಹುದಿತ್ತು. ಅಮೆರಿಕದ ವಿಜ್ಞಾನಿ ಏರನ್ ಕ್ಲಾಸೆಟ್ 1823ರಿಂದೀಚಿನ ರಾಷ್ಟ್ರ-ರಾಷ್ಟ್ರಗಳ ಯುದ್ಧಗಳನ್ನು ಪರಿಶೀಲಿಸಿ 2018ರಲ್ಲಿ ತಿಳಿಸಿದ್ದು ಇದನ್ನೇ: ಇದು ಬರಿಯ ಅದೃಷ್ಟವಲ್ಲ ಎಂದು ಅಂಕಿಗಳಿಂದ ಸಾಬೀತಾಗಬೇಕಾದರೆ ಈ ಶಾಂತಿ ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಬಾಳಬೇಕು.

ಅದಕ್ಕೆ ಮೊದಲೇ ಗಾಳಿ ತಿರುಗಿದ ಹಾಗಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯ ಜಗತ್ತಿನ ಕದನಗಳ ದಾಖಲೆ ಇಡುತ್ತದೆ. ಇಥಿಯೋಪಿಯಾದ ಟಿಗ್ರೇ ಮತ್ತು ಉಕ್ರೇನಿನ ಯುದ್ಧಗಳಿಂದಾಗಿ 2022ರಲ್ಲಿ ಸಂಘಟಿತ ಹಿಂಸೆಗೆ 2 ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. 1994ರ ರುವಾಂಡ ನರಮೇಧದ ನಂತರ ಇದೇ ಅತಿ ಹೆಚ್ಚು. 2024ರಲ್ಲಿ ಸರ್ಕಾರಗಳು ಪಾಲುಗೊಂಡ ಸಶಸ್ತ್ರ ಸಂಘರ್ಷಗಳ ಸಂಖ್ಯೆ 61ಕ್ಕೆ ಏರಿತು. 1946ರಿಂದೀಚೆಗೆ ಯಾವ ವರ್ಷವೂ ಇಷ್ಟಿರಲಿಲ್ಲ.

ಹಾಗಾದರೆ ಕೊಲೆ ಇಳಿದು ಯುದ್ಧ ಏಕೆ ಇಳಿಯಲಿಲ್ಲ? ಇಬ್ಬರು ನೆರೆಹೊರೆಯವರ ವ್ಯಾಜ್ಯ ತೀರ್ಮಾನಿಸಲು ನ್ಯಾಯಾಧೀಶರಿದ್ದಾರೆ, ತೀರ್ಪನ್ನು ಜಾರಿಗೊಳಿಸಲು ಪೊಲೀಸರಿದ್ದಾರೆ. ದೇಶಗಳ ನಡುವೆ? ಹೇಗ್ ನಗರದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೇನೋ ಇದೆ. ಆದರೆ ಅದಕ್ಕೆ ತನ್ನದೇ ಪೊಲೀಸರಿಲ್ಲ. ಉಕ್ರೇನಿನಲ್ಲಿ ಸೇನಾ ಕಾರ್ಯಾಚರಣೆ ನಿಲ್ಲಿಸುವಂತೆ 2022ರ ಮಾರ್ಚಿನಲ್ಲಿ ಅದು ರಷ್ಯಾಕ್ಕೆ ಆದೇಶ ನೀಡಿತು. ಯುದ್ಧ ನಿಲ್ಲಲಿಲ್ಲ.

ಶಾಂತಿ ವಯಸ್ಸಿನ ಜೊತೆ ತಾನಾಗಿ ಬರುವ ನರೆಯಲ್ಲ. ಕಟ್ಟಿದಲ್ಲಿ ಅದು ನಿಂತಿದೆ, ಕಟ್ಟದಲ್ಲಿ ಅದೃಷ್ಟವನ್ನು ನೆಚ್ಚಿಕೊಂಡಿದೆ. ಶಸ್ತ್ರಾಸ್ತ್ರ ಪೈಪೋಟಿಗೆ ಸಮೀಕರಣಗಳನ್ನು ಬರೆದ ರಿಚರ್ಡ್‌ಸನ್ ಅವನ್ನು ವಿಧಿಲಿಖಿತವೆಂದು ತಿಳಿದಿರಲಿಲ್ಲ. ಮನುಷ್ಯ ಯೋಚಿಸುವುದನ್ನು ಬಿಟ್ಟರೆ ಮಾತ್ರ ಆ ಲೆಕ್ಕ ನಿಜವಾಗುತ್ತದೆ ಎಂಬುದು ಅವರ ನಿಲುವಾಗಿತ್ತು.