ಶಂಕುಸ್ಥಾಪನೆಗೆ ಮುನ್ನ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನು ಚನ್ನಪಟ್ಟಣದಿಂದ ಬಂದು, ಹೊಸ ಮನೆಯ ಶಂಕುಸ್ಥಾಪನೆಗೆ ನನ್ನನ್ನು ಕರೆದನು. ನಿವೇಶನವು ಹಿಂದೊಮ್ಮೆ ಕೆರೆಯ ಅಂಚಾಗಿದ್ದ ನೆಲ. “ನೆಲವನ್ನು ಕೇಳಿದೆಯೇನಪ್ಪಾ?” ಎಂದೆನು. “ಜೋಯಿಸರನ್ನು ಕೇಳಿದ್ದೇನೆ, ಮೇಷ್ಟ್ರೇ. ನೆಲವನ್ನು ಕೇಳುವುದು ಹೇಗೆ?” ಎಂದನು. ಅವನಿಗೆ ಹೇಳಿದ ಉತ್ತರವು ಮನೆ ಕಟ್ಟಬಯಸುವ ವಾಚಕರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತೇನೆ.

ಈ ಪಾಠವನ್ನು ನಾನು ಹಣ ತೆತ್ತು ಕಲಿತವನು. ಕನಕಪುರದ ಬಳಿ ಕೆರೆಯೊಂದರ ಏರಿಯ ಕೆಳಗೆ ಮನೆ ಕಟ್ಟಿಸುವಾಗ ಚೈತ್ರಮಾಸದಲ್ಲಿ ಪಾಯ ತೋಡಿಸಿದೆನು. ಮಣ್ಣು ಹಾರೆಗೆ ಜಗ್ಗದಷ್ಟು ಗಟ್ಟಿಯಾಗಿತ್ತು. ಆ ವರ್ಷ ಕೆರೆ ತುಂಬಿತು. ಕಾರ್ತಿಕದ ವೇಳೆಗೆ ಹಿತ್ತಲ ಬಾವಿಯ ನೀರು ಕೈಗೆಟುಕುವಂತಾಯಿತು. ಈಶಾನ್ಯ ಮೂಲೆಯ ಗೋಡೆ ಕುಸಿದು ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ತಪ್ಪು ಗಾರೆಯವನದಲ್ಲ, ಬೇಸಗೆಯ ನೆಲವನ್ನು ನೋಡಿ ಮಳೆಗಾಲದ ನೆಲವನ್ನು ನಂಬಿದ ನನ್ನದು.

ಮಣ್ಣಿನ ಬಲವು ಬಹುಮಟ್ಟಿಗೆ ಅದರ ಕಣಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ಹುಟ್ಟುತ್ತದೆ. ಕಣಗಳ ನಡುವಣ ನೀರು ಭಾರದಲ್ಲಿ ತನ್ನ ಪಾಲನ್ನು ಹೊತ್ತುಕೊಂಡಷ್ಟೂ ಈ ಒತ್ತು ಸಡಿಲವಾಗುವುದು. ಈ ತತ್ತ್ವವನ್ನು ಕಾರ್ಲ್ ಟೆರ್ಜಾಗಿ ಎಂಬ ವಿದ್ವಾಂಸರು ೧೯೨೫ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ನೆಂದ ಮಣ್ಣು ಘನಮೀಟರಿಗೆ ಸುಮಾರು ೨ ಟನ್ ತೂಗುವುದೆಂದು ಇಟ್ಟುಕೊಂಡರೆ, ೬ ಮೀಟರ್ ಆಳದಲ್ಲಿ ಚದರ ಮೀಟರಿನ ಮೇಲೆ ೧೨ ಟನ್ ಭಾರ. ನೀರು ನೆಲಮಟ್ಟಕ್ಕೇರಿ ನಿಂತಿದ್ದರೆ ಅದರಲ್ಲಿ ೬ ಟನ್ನನ್ನು ನೀರೇ ಹೊರುವುದು. ಕಣಗಳಿಗೆ ಉಳಿಯುವುದು ಅರ್ಧ ಮಾತ್ರ.

ನೆಲವನ್ನು ಪರೀಕ್ಷಿಸುವ ಬುದ್ಧಿ ನಮ್ಮವರಿಗೂ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಒಂದು ಮೊಳದ ಗುಂಡಿ ತೋಡಿ ಅದೇ ಮಣ್ಣಿನಿಂದ ಮುಚ್ಚಬೇಕೆಂದೂ, ಮಣ್ಣು ಮಿಕ್ಕರೆ ನೆಲವು ಉತ್ತಮ, ಸಾಲದೆ ಹೋದರೆ ಅನಿಷ್ಟವೆಂದೂ ಹೇಳಿದ್ದಾನೆ. ಆಧುನಿಕರ ಪರೀಕ್ಷೆಯಾದರೋ ಶಂಕುವಿನಿಂದಲೇ ನಡೆಯುವುದು. ೧೯೩೨ರಲ್ಲಿ ಹಾಲೆಂಡಿನ ಪೀಟರ್ ಬಾರೆಂಟ್ಸನ್ ಎಂಬ ಎಂಜಿನಿಯರರು, ಕೊಳವೆಯೊಳಗಿನ ಉಕ್ಕಿನ ಸರಳಿಗೆ ಶಂಕುವನ್ನು ಜೋಡಿಸಿ ತಮ್ಮ ದೇಶದ ಮೆತ್ತನೆಯ ನೆಲದೊಳಕ್ಕೆ ಒತ್ತಿ ನೋಡಿದರು. ಇಂದಿನ ಶಂಕುವಿನ ತುದಿಯ ಕೋನ ೬೦ ಅಂಶ. ತಳದ ವಿಸ್ತೀರ್ಣ ಸಾಮಾನ್ಯವಾಗಿ ೧೦ ಚದರ ಸೆಂಟಿಮೀಟರ್. ಯಂತ್ರವು ಅದನ್ನು ಸೆಕೆಂಡಿಗೆ ೨ ಸೆಂಟಿಮೀಟರ್ ವೇಗದಲ್ಲಿ ಇಳಿಸುವುದು. ತುದಿಗೆ ಎದುರಾಗುವ ಪ್ರತಿರೋಧ, ಪಕ್ಕದ ಘರ್ಷಣೆ, ಸಣ್ಣ ಸೋಸುಬಿಲ್ಲೆಯ ಮೂಲಕ ನೀರಿನ ಒತ್ತಡ, ಈ ಮೂರನ್ನೂ ಅದು ಅಳೆಯುವುದು. ಮರಳಾದರೆ ತುದಿಯ ಪ್ರತಿರೋಧ ಹೆಚ್ಚು. ಜೇಡಿಯಾದರೆ ಅದು ಕಡಮೆಯಾಗಿ ನೀರಿನ ಒತ್ತಡ ಏರುವುದು. ನಡುವೆ ನಿಲ್ಲಿಸಿದರೆ ಒತ್ತಡವು ಇಳಿಯುವ ವೇಗದಿಂದ, ಮಣ್ಣು ನೀರನ್ನು ಎಷ್ಟು ಬೇಗ ಬಿಟ್ಟುಕೊಡುವುದೆಂಬುದೂ ತಿಳಿಯುವುದು.

ಆದರೆ ನಮ್ಮ ಸೀಮೆ ಹಾಲೆಂಡಲ್ಲ. ರಾಮನಗರದ ಬೆಟ್ಟಗಳೂ ಮಾಗಡಿಯ ಸಾವನದುರ್ಗವೂ ಸುಮಾರು ೨೫೦ ಕೋಟಿ ವರ್ಷ ಹಳೆಯ ಗ್ರಾನೈಟ್ ಶಿಲೆ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯೇ ಭೂವಿಜ್ಞಾನದಲ್ಲಿ ಅದಕ್ಕೆ ಹೆಸರಾಗಿದೆ. ಬಂಡೆಗೂ ಗಟ್ಟಿ ಗರಸಿಗೂ ಶಂಕು ಇಳಿಯದು. ಅಲ್ಲಿ ರಂಧ್ರ ಕೊರೆದು, ೬೩.೫ ಕಿಲೋಗ್ರಾಂ ಗುಂಡನ್ನು ೭೫ ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಪೆಟ್ಟುಗಳನ್ನು ಎಣಿಸುವರು. ಕೆರೆಯಂಗಳದ ಹೂಳಿನಲ್ಲಿಯೂ ತಗ್ಗಿನ ಜೇಡಿಯಲ್ಲಿಯೂ ಶಂಕುವೇ ಮೇಲು.

ಯಂತ್ರವು ದೊರೆಯದವರು ನೆರೆಯ ತೋಡುಬಾವಿಯನ್ನಾದರೂ ಕೇಳಬೇಕು. ಕಾರ್ತಿಕದಲ್ಲಿ ಅದರ ನೀರಿನ ಮಟ್ಟವನ್ನು ಗುರುತಿಸಿಡತಕ್ಕದ್ದು. ಆ ಮಟ್ಟದಿಂದ ಕೆಳಗೆ ೧೦ ಮೀಟರಿಗೆ ಚದರ ಸೆಂಟಿಮೀಟರಿನ ಮೇಲೆ ಸುಮಾರು ೧ ಕಿಲೋಗ್ರಾಂ ಒತ್ತಡ. ಕೊಳವೆಬಾವಿಯ ಮಟ್ಟವನ್ನು ನಂಬಲಾಗದು. ಅದು ಆಳದ ಬಂಡೆಯ ಬಿರುಕಿನ ನೀರು, ಪಾಯದ ಬಳಿಯ ನೀರಲ್ಲ.

ಶಿಷ್ಯನು ಮುಹೂರ್ತವನ್ನು ಮುಂದೂಡಿ ನೆಲವನ್ನು ಕೊರೆಯಿಸಿದನು. ಒಂದು ಮೂಲೆಯಲ್ಲಿ ೨ ಮೀಟರಿಗೆ ಗರಸು ಸಿಕ್ಕಿತು. ಎದುರು ಮೂಲೆಯಲ್ಲಿ ೫ ಮೀಟರಿನವರೆಗೂ ಹೂಳು. ಒಳ್ಳೆಯ ಮುಹೂರ್ತ ತಪ್ಪಿತೆಂದು ಅವನ ತಾಯಿಗೆ ಬೇಸರವಾಗಿದೆ. ಪಾಯದ ನಕ್ಷೆ ಬದಲಾಗಿದೆ. ಹೊಸ ಮುಹೂರ್ತವು ಮಾರ್ಗಶಿರದಲ್ಲಿದೆ. ಆ ದಿನ ನಾನು ಹೋಗಿ ಬರುತ್ತೇನೆ.