ಬೆಟ್ಟ ನುಂಗಿದ್ದನ್ನು ಹುಡುಕುವ ಬಗೆ

ಬೆಂಗಳೂರಿನ ಗರುಡಾಚಾರ್‌ಪಾಳ್ಯಕ್ಕೂ ಹಿಮಾಲಯದಲ್ಲಿ ಕಾಣೆಯಾಗುವ ಸೇನಾ ವಿಮಾನಗಳಿಗೂ ನಂಟಿದೆ ಎಂದರೆ ಯಾರೂ ಒಮ್ಮೆಲೇ ನಂಬಲಾರರು. ಆದರೆ ಇಂಥ ಶೋಧಕ್ಕೆ ಹೋಗುವ ಧ್ರುವ್ ಹೆಲಿಕಾಪ್ಟರ್ ತಯಾರಾಗುವುದು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಎಚ್‌ಎಎಲ್ ಕಾರ್ಖಾನೆಯಲ್ಲಿ. ಅಪಘಾತಕ್ಕೀಡಾದ ವಿಮಾನ ಹಡಗುಗಳು ಹೊರಡಿಸುವ ಆಪತ್ಸಂಕೇತವನ್ನು ಉಪಗ್ರಹಗಳ ಮೂಲಕ ಪಡೆದು ರಕ್ಷಣಾ ತಂಡಗಳಿಗೆ ತಲುಪಿಸುವ ಭಾರತದ ಕೇಂದ್ರವೂ ಇದೇ ನಗರದಲ್ಲಿ, ಪೀಣ್ಯದ ಇಸ್ರೊ ಘಟಕವಾದ ಇಸ್ಟ್ರಾಕ್‌ನಲ್ಲಿದೆ.

ಈ ಸಂಕೇತವನ್ನು ಕಳಿಸುವ ಪುಟ್ಟ ಪ್ರೇಷಕಕ್ಕೆ ಬೀಕನ್ ಎಂದು ಹೆಸರು. ವಿಮಾನ ಜೋರಾಗಿ ಅಪ್ಪಳಿಸಿದಾಗ ತಾನಾಗಿಯೇ ಚಾಲೂ ಆಗುವ ಈಗಿನ ಬೀಕನ್ 406 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ತನ್ನ ಗುರುತಿನ ಸಂಖ್ಯೆಯನ್ನೂ ಸಾರುತ್ತದೆ. ಹಳೆಯ ಕಂಪನಾಂಕಗಳಿಗೆ ಉಪಗ್ರಹಗಳು ಕಿವಿಗೊಡುವುದು 2009ರಲ್ಲೇ ನಿಂತಿತು. ಬೀಕನ್ ಮಾತಾಡಿದರೆ ಹುಡುಕಾಟ ಕೆಲವು ಗಂಟೆಗಳ ಕೆಲಸ. ಅದು ಮೌನವಾದರೆ ಉಳಿಯುವುದು ವಿಮಾನ ಕಡೆಯ ಬಾರಿ ಕಾಣಿಸಿಕೊಂಡ ಸ್ಥಳ ಮತ್ತು ಅದರ ಸುತ್ತ ನಕ್ಷೆಯ ಮೇಲೆ ಎಳೆದ ಒಂದು ವೃತ್ತ ಮಾತ್ರ. ಆ ವೃತ್ತದ ತ್ರಿಜ್ಯ 10 ಕಿಲೋಮೀಟರ್ ಆಗಿದ್ದರೆ ಹುಡುಕಬೇಕಾದ ನೆಲ ಸುಮಾರು 314 ಚದರ ಕಿಲೋಮೀಟರ್. ತ್ರಿಜ್ಯ 20ಕ್ಕೆ ಏರಿದರೆ ನೆಲ ನಾಲ್ಕು ಪಟ್ಟಾಗಿ 1,256ಕ್ಕೆ ಜಿಗಿಯುತ್ತದೆ. ಇದು ನಕ್ಷೆಯ ಲೆಕ್ಕ. ಕಡಿದಾದ ಇಳಿಜಾರು, ಕೊರಕಲುಗಳನ್ನು ಹಿಡಿದರೆ ನಿಜವಾದ ನೆಲ ಇನ್ನೂ ಹೆಚ್ಚು.

2019ರ ಜೂನ್ 3ರಂದು ಅಸ್ಸಾಮಿನ ಜೋರ್ಹಾಟ್‌ನಿಂದ ಅರುಣಾಚಲ ಪ್ರದೇಶದ ಮೆಚುಕಾಕ್ಕೆ ಹೊರಟ ವಾಯುಪಡೆಯ ಎಎನ್-32 ಸರಕು ಸಾಗಣೆ ವಿಮಾನ 13 ಮಂದಿಯೊಂದಿಗೆ ಕಾಣೆಯಾದಾಗ ನಡೆದದ್ದು ಇದೇ. ಬೀಕನ್‌ನಿಂದ ಸಂಕೇತ ಬರಲಿಲ್ಲ. ಎಂಐ-17 ಮತ್ತು ಧ್ರುವ್ ಹೆಲಿಕಾಪ್ಟರ್‌ಗಳು, ಸುಖೋಯ್-30, ಸಿ-130ಜೆ ವಿಮಾನಗಳು, ತಮಿಳುನಾಡಿನ ಅರಕ್ಕೋಣಂನಿಂದ ಹೋದ ನೌಕಾಪಡೆಯ ಪಿ-8ಐ, ಇವುಗಳ ಜೊತೆಗೆ ಇಸ್ರೊದ ಕಾರ್ಟೊಸ್ಯಾಟ್ ಮತ್ತು ರಿಸ್ಯಾಟ್ ಉಪಗ್ರಹಗಳನ್ನೂ ಕೆಲಸಕ್ಕೆ ಹಚ್ಚಲಾಯಿತು. ರಿಸ್ಯಾಟ್‌ನಲ್ಲಿರುವುದು ರೇಡಾರ್, ಕ್ಯಾಮೆರಾಕ್ಕೆ ಅಡ್ಡವಾಗುವ ಮೋಡವನ್ನು ಅದರ ತರಂಗಗಳು ದಾಟಬಲ್ಲವು, ಆದರೆ ದಟ್ಟ ಕಾಡಿನ ಮರೆಯಲ್ಲಿ ಚೂರಾಗಿ ಬಿದ್ದ ಲೋಹವನ್ನು ಬಂಡೆಯಿಂದ ಬೇರ್ಪಡಿಸಿ ತೋರಿಸುವುದು ಅದಕ್ಕೂ ಕಷ್ಟ. ಕೊನೆಗೆ ಜೂನ್ 11ರಂದು ಲಿಪೊ ಎಂಬಲ್ಲಿಂದ ಉತ್ತರಕ್ಕೆ 16 ಕಿಲೋಮೀಟರ್ ದೂರದಲ್ಲಿ, ಸುಮಾರು 12,000 ಅಡಿ ಎತ್ತರದಲ್ಲಿ ಅವಶೇಷ ಕಂಡದ್ದು ಎಂಐ-17ರಲ್ಲಿದ್ದವರ ಕಣ್ಣಿಗೆ. ಹಸಿರು ಹೊದ್ದ ಇಳಿಜಾರಿನಲ್ಲಿ ಒಂದು ಕಡೆ ಮಾತ್ರ ಮರಗಳು ಉರುಳಿ, ನೆಲ ಕರಕಲಾಗಿತ್ತು. ವಿಮಾನದ ಗುರುತೆಂದರೆ ಅಷ್ಟೇ.

ಕಂಡದ್ದನ್ನು ತಲುಪುವುದು ಬೇರೆಯೇ ಸಾಹಸ. ಹೆಲಿಕಾಪ್ಟರ್ ಇಳಿಯಲು ಅಲ್ಲಿ ಸಮತಟ್ಟು ಜಾಗವಿರಲಿಲ್ಲ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ರೆಕ್ಕೆಗಳಿಗೂ ಎಂಜಿನ್ನಿಗೂ ಬಲ ಕುಗ್ಗುವುದರಿಂದ ಹೊರುವ ಭಾರವನ್ನೂ ಇಳಿಸಬೇಕಾಗುತ್ತದೆ. ಪರ್ವತಾರೋಹಿಗಳನ್ನು ಹತ್ತಿರದಲ್ಲಿ ಇಳಿಸಿ ನಡೆಸಲಾಯಿತು, ಜೂನ್ 13ರಂದು ಅವರು ಸ್ಥಳ ಮುಟ್ಟಿದಾಗ ಯಾರೂ ಬದುಕುಳಿದಿರಲಿಲ್ಲ. ಮೃತದೇಹಗಳನ್ನು ಸಾಗಿಸಿದ ಮೇಲೂ ವಾಯುಪಡೆ, ಭೂಸೇನೆ ಮತ್ತು ನಾಗರಿಕರಿದ್ದ 15 ಜನರ ತಂಡ ಮಳೆ ಮೋಡಗಳಿಂದಾಗಿ ಅಲ್ಲೇ ಸಿಕ್ಕಿಬಿದ್ದು, ಅವರನ್ನು ಹೊರತರುವ ಹೊತ್ತಿಗೆ ಜೂನ್ ಮುಗಿಯುತ್ತ ಬಂದಿತ್ತು. ಹುಡುಕಾಟ ಇನ್ನೂ ನಡೆದಿದ್ದಾಗ, ವಿಮಾನದ ಮಾಹಿತಿ ಕೊಟ್ಟವರಿಗೆ 5 ಲಕ್ಷ ರೂಪಾಯಿ ಬಹುಮಾನ ಎಂದು ವಾಯುಪಡೆ ಸಾರಿದ್ದು ಜೂನ್ 8ರಂದು. ಬೇಟೆಗೂ ಸೊಪ್ಪುಸದೆಗೂ ಆ ಕಾಡನ್ನು ದಿನವೂ ತುಳಿಯುವವರ ಕಣ್ಣು ಕಿವಿ ಯಾವ ಉಪಗ್ರಹಕ್ಕೂ ಕಡಿಮೆಯಲ್ಲ. ಆ ಕರೆ ಮೊದಲ ದಿನವೇ ಹೋಗಬೇಕಿತ್ತು.

ಕಾಡು ಮರೆಮಾಡುತ್ತದೆ, ಹಿಮನದಿಯಾದರೋ ಹೊತ್ತೊಯ್ಯುತ್ತದೆ. ಇಳಿಜಾರಿನಲ್ಲಿ ಅತಿ ನಿಧಾನವಾಗಿ ಜರುಗುವ ಮಂಜುಗಡ್ಡೆಯ ರಾಶಿಯೇ ಹಿಮನದಿ. ಅದರೊಳಗೆ ಹೂತದ್ದು ದಶಕಗಳ ಬಳಿಕ, ಬಿದ್ದ ಜಾಗದಿಂದ ದೂರದಲ್ಲಿ ಮೇಲೆ ಬರುತ್ತದೆ. 1968ರ ಫೆಬ್ರವರಿ 7ರಂದು 102 ಮಂದಿಯನ್ನು ಹೊತ್ತು ಚಂಡೀಗಡದಿಂದ ಲೇಹ್‌ಗೆ ಹೊರಟ ಎಎನ್-12 ವಿಮಾನ ಹವಾಮಾನ ಕೆಟ್ಟು ಹಿಂತಿರುಗುವಾಗ ರೋಹ್ತಾಂಗ್ ಬಳಿ ಮಾಯವಾಯಿತು. ಅವಶೇಷ ಮೊದಲು ಸಿಕ್ಕಿದ್ದು 2003ರಲ್ಲಿ, ಪರ್ವತಾರೋಹಣ ಸಂಸ್ಥೆಯೊಂದರ ತಂಡಕ್ಕೆ. ಅಲ್ಲಿಂದೀಚೆಗೆ ಸೇನೆಯ ಡೋಗ್ರಾ ಸ್ಕೌಟ್ಸ್ ಪಡೆ ಮತ್ತೆ ಮತ್ತೆ ಹಿಮ ಕರಗುವ ತಿಂಗಳುಗಳಲ್ಲಿ ಮೇಲೇರಿ ಹುಡುಕಿದೆ. 2024ರ ಸೆಪ್ಟೆಂಬರ್‌ನಲ್ಲಿ, ಅಪಘಾತವಾಗಿ 56 ವರ್ಷಗಳ ನಂತರ, ಇನ್ನೂ ನಾಲ್ಕು ದೇಹಗಳು ದೊರೆತವು.

ವಿಮಾನವಾದರೂ ಬೆಂಕಿ ಹೊತ್ತಿ ಗುರುತು ಬಿಡುತ್ತದೆ. ಬಾಂಬಿಗೆ ಬೀಕನ್ ಇಲ್ಲ, ಸಿಡಿಯದಿದ್ದರೆ ಕುರುಹೂ ಇಲ್ಲ. ಮೆತ್ತನೆಯ ಮಣ್ಣಾದರೆ ಅದು ಆಳಕ್ಕೆ ಹೂತುಹೋಗುತ್ತದೆ, ಕೈಯಲ್ಲಿ ಹಿಡಿಯುವ ಲೋಹಶೋಧಕದ ಶಕ್ತಿ ಕೆಲವೇ ಅಡಿಗಳಿಗೆ ಮುಗಿಯುತ್ತದೆ. 1997ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಎ-10 ಯುದ್ಧವಿಮಾನ ಕೊಲೊರಾಡೊದ ಪರ್ವತಕ್ಕೆ ಅಪ್ಪಳಿಸಿತು; ಸುಮಾರು ಮೂರು ವಾರದಲ್ಲಿ ಅವಶೇಷ ಸಿಕ್ಕರೂ, ಅದರಲ್ಲಿದ್ದ ತಲಾ 500 ಪೌಂಡಿನ ನಾಲ್ಕು ಬಾಂಬುಗಳು ಸಿಗಲೇ ಇಲ್ಲ. ಅವು ಡಿಕ್ಕಿಗೆ ಮುನ್ನವೇ ಎಲ್ಲೋ ಬಿದ್ದವೋ ಏನೋ ಎಂಬ ಒಂದೇ ಅನುಮಾನ ಹುಡುಕುವ ನೆಲವನ್ನು ನೂರಾರು ಮೈಲಿಗೆ ಹಿಗ್ಗಿಸಿತು. ಇಂಥ ಬಾಂಬು ಸಿಕ್ಕಮೇಲೆ ಅದನ್ನು ನಿಷ್ಕ್ರಿಯಗೊಳಿಸುವುದು ನಮ್ಮ ಸೇನೆಯಲ್ಲಿ ಎಂಜಿನಿಯರ್ ದಳದ ಹೊಣೆ. ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಆ ದಳಕ್ಕೇ ಸೇರಿದವರು. 1966ರ ಜನವರಿಯಲ್ಲಿ ಸ್ಪೇನಿನ ಪಾಲೊಮಾರೆಸ್ ಹಳ್ಳಿಯ ಮೇಲೆ ಬಿ-52 ವಿಮಾನ ಒಡೆದು ನಾಲ್ಕು ಜಲಜನಕ ಬಾಂಬುಗಳು ಬಿದ್ದಾಗ ಮೂರು ನೆಲದ ಮೇಲೆ ಬೇಗನೆ ಸಿಕ್ಕಿದವು. ಸಮುದ್ರಕ್ಕೆ ಬಿದ್ದ ನಾಲ್ಕನೆಯದನ್ನು ಪತ್ತೆಹಚ್ಚಲು ನೆರವಾದದ್ದು, ಅದು ಬೀಳುವುದನ್ನು ಕಂಡಿದ್ದ ಒಬ್ಬ ಬೆಸ್ತನ ಮಾತು.

ಭಾರತದ ಬೆಟ್ಟವೂ ಇಂಥದ್ದೊಂದನ್ನು ಇಟ್ಟುಕೊಂಡಿದೆ. 1965ರಲ್ಲಿ ಚೀನಾದ ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಮತ್ತು ಭಾರತದ ಗುಪ್ತಚರ ಸಂಸ್ಥೆಗಳು ನಂದಾದೇವಿ ಶಿಖರಕ್ಕೆ ಒಯ್ಯುತ್ತಿದ್ದ, ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಕೊಡುವ ಉಪಕರಣವನ್ನು ಹಿಮಪಾತದ ಭಯದಿಂದ ಅರ್ಧದಾರಿಯಲ್ಲೇ ಕಟ್ಟಿಟ್ಟು ಬರಲಾಯಿತು. ಮರುವರ್ಷ ಹೋದವರಿಗೆ ಅದು ಕಾಣಲಿಲ್ಲ. ಅದು ಬಾಂಬಲ್ಲ, ಆದರೂ ಗಂಗೆಗೆ ನೀರುಣಿಸುವ ಹಿಮದಲ್ಲಿ ಪ್ಲುಟೋನಿಯಂ ಇದೆ ಎಂಬ ಸುದ್ದಿ 1978ರಲ್ಲಿ ಹೊರಬಿದ್ದಾಗ ಪ್ರಧಾನಿ ಮೊರಾರ್ಜಿ ದೇಸಾಯಿ ವಿಜ್ಞಾನಿಗಳ ಸಮಿತಿಯೊಂದನ್ನು ನೇಮಿಸಿದರು. ಅದರಲ್ಲಿ ತುಮಕೂರಿನವರಾದ ರಾಜಾ ರಾಮಣ್ಣ ಅವರೂ ಇದ್ದರು. ಆ ಉಪಕರಣ ಇಂದಿಗೂ ಸಿಕ್ಕಿಲ್ಲ.